ಕ್ರಿಸ್‌ಮಸ್ಸಿಗೆ ಬರುವ ತಟ್ಟೆ

ಹೊಸ ಕ್ಯಾಲೆಂಡರ್ ಕೈಗೆ ಬಂದ ಕೂಡಲೇ ನಾನು ನೋಡುವುದು ದೇವರ ಚಿತ್ರವನ್ನಲ್ಲ, ಕೆಂಪು ಅಂಕಿಗಳನ್ನು. ಟೀಚರುಗಳ ಜಾತಿಯೇ ಹಾಗೆ. ಯಾವ ಹಬ್ಬ ಭಾನುವಾರ ಬಿದ್ದು ರಜ ನುಂಗಿತು, ಯಾವುದು ಸೋಮವಾರ ಬಂದು ಪುಣ್ಯ ಕಟ್ಟಿಕೊಂಡಿತು ಎಂದು ಸ್ಟಾಫ್ ರೂಮಿನಲ್ಲಿ ನಾವು ನಡೆಸುವ ಚರ್ಚೆಯನ್ನು ಪಂಚಾಂಗ ಬರೆಯುವವರು ಕೇಳಿಸಿಕೊಂಡರೆ ನಾಚಿಕೊಳ್ಳುತ್ತಾರೆ. ಅದರಲ್ಲೂ ಕ್ರಿಸ್‌ಮಸ್ಸಿನಿಂದ ಗಣರಾಜ್ಯೋತ್ಸವದ ತನಕದ ದಿನಗಳ ಮೇಲೆ ನನಗೆ ಚಿಕ್ಕಂದಿನಿಂದಲೂ ಮೋಹ. ಅಲ್ಲೊಂದು ಇಲ್ಲೊಂದು ಕೆಂಪು ಅಂಕಿ. ನಡುವಿನ ಕಪ್ಪು ಅಂಕಿಗಳೂ ಆ ಒಂದು ತಿಂಗಳು ಪೂರ್ತಿ ಎಚ್ಚರವಾಗಿರುವುದಿಲ್ಲ.

ಶಿವಮೊಗ್ಗದ ಚಳಿ ಮೈ ಕೊರೆಯುವ ಚಳಿಯಲ್ಲ. ಬೆಳಿಗ್ಗೆ ಒಂದಿಷ್ಟು ಹೊತ್ತು ತುಂಗೆಯ ಕಡೆಯಿಂದ ಮಂಜು ಬಂದು ದುರ್ಗಿಗುಡಿಯ ಅಡ್ಡರಸ್ತೆಗಳಲ್ಲಿ ನಿಂತುಕೊಳ್ಳುತ್ತದೆ. ಎದುರು ಮನೆಯ ಗೇಟು ಕಾಣುತ್ತದೆ, ಮನೆ ಕಾಣುವುದಿಲ್ಲ. ಧನುರ್ಮಾಸವಾದ್ದರಿಂದ ಬೆಳಕು ಹರಿಯುವ ಮೊದಲೇ ದೇವಸ್ಥಾನದ ಮೈಕು ಹಾಡಲು ಶುರುಮಾಡುತ್ತದೆ. ಆ ಹಾಡು ನನಗೆ ನಿದ್ದೆಯೊಳಗೇ ಕೇಳಿಸುತ್ತದೆ. ಎಷ್ಟೋ ಸಲ ಅದಕ್ಕೆ ತಕ್ಕ ಕನಸೂ ಬಿದ್ದಿದೆ. ಅಮ್ಮ ತಲೆಗೆ ಮಫ್ಲರ್ ಸುತ್ತಿಕೊಂಡು ಹೋಗಿ ದೊನ್ನೆಯಲ್ಲಿ ಬಿಸಿ ಹುಗ್ಗಿ ತರುತ್ತಿದ್ದಳು. ನಾನು ಕಂಬಳಿಯೊಳಗೆ ಕೂತೇ ತಿನ್ನುತ್ತಿದ್ದೆ. ಮೆಣಸಿನ ಕಾಳು ಹಲ್ಲಿಗೆ ಸಿಕ್ಕಾಗ ಪೂರ್ತಿ ಎಚ್ಚರ.

“ಹಲ್ಲುಜ್ಜದೆ ತಿಂತಿದೀಯಲ್ಲೇ, ಮಕ್ಕಳಿಗೆ ಶುಚಿತ್ವದ ಪಾಠ ಬೇರೆ ಹೇಳ್ತೀಯ” ಎಂದು ಅಮ್ಮ ಪ್ರತಿ ವರ್ಷವೂ ಬೈಯುತ್ತಿದ್ದಳು. ಪ್ರತಿ ವರ್ಷವೂ ದೊನ್ನೆ ಮಾತ್ರ ಹಾಸಿಗೆಗೇ ತಂದುಕೊಡುತ್ತಿದ್ದಳು. ಮದುವೆಯಾಗದೆ ಅಪ್ಪ ಅಮ್ಮನ ಜೊತೆಗೇ ಉಳಿದ ಮಗಳಿಗೆ ಇಂಥ ಸವಲತ್ತುಗಳಿರುತ್ತವೆ. ತಲೆಕೂದಲು ಬೆಳ್ಳಗಾದ ಮೇಲೂ ಯಾರೂ ಅವನ್ನು ವಾಪಸ್ ಕೇಳುವುದಿಲ್ಲ.

ಆದರೆ ನಮ್ಮ ಮನೆಯ ಚಳಿಗಾಲ ನಿಜವಾಗಿ ಶುರುವಾಗುತ್ತಿದ್ದದ್ದು ಹುಗ್ಗಿಯಿಂದಲ್ಲ, ಒಂದು ತಟ್ಟೆಯಿಂದ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿ ಶಿಫ್ಟಿನ ಕೆಲಸದಲ್ಲಿದ್ದ. ಎರಡು ಮನೆಗಳ ನಡುವೆ ಒಂದೇ ಗೋಡೆ. ಆಚೆ ಮನೆಯವರು ತಮಿಳು ಮಾತಾಡುವ ಕ್ರೈಸ್ತರು. ಆ ಮನೆಯ ಯಜಮಾನರೂ ಅಪ್ಪನ ಜೊತೆಗೇ ಕೆಲಸ ಮಾಡುತ್ತಿದ್ದರು. ಆ ಮನೆಯಾಕೆಯನ್ನು ಅಮ್ಮ ‘ಅಕ್ಕ’ ಎನ್ನುತ್ತಿದ್ದಳು, ಅವರು ಅಮ್ಮನನ್ನು ‘ತಂಗಚ್ಚಿ’ ಎನ್ನುತ್ತಿದ್ದರು. ಅಮ್ಮನ ಅಕ್ಕ ಎಂದಮೇಲೆ ನನಗೆ ದೊಡ್ಡಮ್ಮ. ರಕ್ತಸಂಬಂಧದ ದೊಡ್ಡಮ್ಮಂದಿರೂ ನನಗಿದ್ದಾರೆ, ಆದರೆ ಆ ಪದ ಕಿವಿಗೆ ಬಿದ್ದರೆ ನೆನಪಾಗುವುದು ಇವರೇ.

ಕ್ರಿಸ್‌ಮಸ್ಸಿಗೆ ವಾರವಿರುವಾಗ ದೊಡ್ಡಮ್ಮ ನನ್ನನ್ನು ಕೂರಿಸಿಕೊಂಡು ಕಲ್‌ಕಲ್ ಸುತ್ತಿಸುತ್ತಿದ್ದರು. ಸಿಹಿ ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲುಗಳ ಮೇಲೆ ಒತ್ತಿ ಸುರುಳಿ ಸುತ್ತಬೇಕು. ಗೀರುಗೀರಾದ ಪುಟ್ಟ ಶಂಖವಾಗುತ್ತದೆ. ಅದನ್ನು ಕರಿದರೆ ಕಲ್‌ಕಲ್. ನಾನು ಸುತ್ತಿದ್ದರಲ್ಲಿ ಅರ್ಧ ಎಣ್ಣೆಗೆ ಬಿದ್ದ ಕೂಡಲೇ ಬಿಚ್ಚಿಕೊಂಡು ಸೊಟ್ಟಗಾಗುತ್ತಿದ್ದವು. “ಪರವಾಗಿಲ್ಲ ಕಣ್ಣು, ಸೊಟ್ಟದ್ದೆಲ್ಲ ನಿಮ್ಮನೆಗೇ” ಎಂದು ದೊಡ್ಡಮ್ಮ ನಗುತ್ತಿದ್ದರು. ಹಬ್ಬದ ದಿನ ಅವೆಲ್ಲ ಅಂಚಿನ ತುಂಬ ಹೂವಿನ ಎಸಳಿನ ಮಡಿಕೆಯಿದ್ದ ಒಂದು ಸ್ಟೀಲ್ ತಟ್ಟೆಯಲ್ಲಿ, ಕೇಕು, ಹೂವಿನ ಅಚ್ಚು ಹಿಟ್ಟಿಗದ್ದಿ ಕರಿದ ಅಚ್ಚುಮುರುಕ್ಕುಗಳ ಜೊತೆ, ಅವರೇ ಕ್ರೋಶಾ ಹೆಣೆದ ಬಿಳಿ ಬಟ್ಟೆ ಮುಚ್ಚಿಕೊಂಡು ನಮ್ಮ ಮನೆಗೆ ಬರುತ್ತಿದ್ದವು.

ಬಂದ ತಟ್ಟೆಯನ್ನು ಬರಿದಾಗಿ ವಾಪಸ್ ಕೊಡುವ ಪದ್ಧತಿ ಯಾರ ಮನೆಯಲ್ಲೂ ಇಲ್ಲ. ಒಂದು ಹಿಡಿ ಸಕ್ಕರೆಯನ್ನೋ ಎರಡು ಬಾಳೆಹಣ್ಣನ್ನೋ ಹಾಕಿ ಕೊಡುವುದು ಲೋಕರೂಢಿ. ಅಮ್ಮನಿಗೆ ಅದು ಸಾಲದು. ಹಬ್ಬದ ತಟ್ಟೆಗೆ ಹಬ್ಬದ ತಟ್ಟೆಯೇ ಉತ್ತರ ಎಂದು ಅವಳ ವಾದ. ಹಾಗಾಗಿ ಅದು ಸಂಕ್ರಾಂತಿಯ ತನಕ ನಮ್ಮ ಅಡುಗೆಮನೆಯ ಗೂಡಿನಲ್ಲಿ ಗೋಡೆಗೊರಗಿ ಕಾಯುತ್ತಿತ್ತು. ಸಂಕ್ರಾಂತಿಯ ದಿನ ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು ತುಂಬಿಕೊಂಡು ಗೋಡೆಯಾಚೆ ಹೋಗುತ್ತಿತ್ತು. ಇನ್ನು ದೊಡ್ಡಮ್ಮ ಸುಮ್ಮನಿರುತ್ತಾರೆಯೇ? ಅವರ ಕಡೆಯ ಉತ್ತರ ಮುಂದಿನ ಕ್ರಿಸ್‌ಮಸ್ಸಿಗೆ. ಹೀಗೆ ಆ ತಟ್ಟೆ ಚಳಿಗಾಲದ ಆ ಕೆಲವು ದಿನ ನಮ್ಮದು, ಉಳಿದ ಕಾಲವೆಲ್ಲ ಅವರದು. ಮೊದಲು ಅದನ್ನು ಕೊಂಡವರು ಯಾರು ಎಂದು ಕೇಳಿದರೆ ಅಮ್ಮ ಅವರು ಎನ್ನುತ್ತಾಳೆ, ಅವರು ಅಮ್ಮ ಎನ್ನುತ್ತಾರೆ. ಹಿಂಬದಿಯಲ್ಲಿ ಕೆತ್ತಿಸಿದ್ದ ಹೆಸರನ್ನು ಇಬ್ಬರೂ ಸೇರಿ ತಿಕ್ಕಿ ತಿಕ್ಕಿ ಅಳಿಸಿಹಾಕಿದ್ದಾರೆ.

ನನಗೆ ಶಿವಮೊಗ್ಗದ ಶಾಲೆಯಲ್ಲಿ ಕೆಲಸ ಸಿಕ್ಕಿ, ಅಪ್ಪ ರಿಟೈರಾಗಿ, ನಾವು ದುರ್ಗಿಗುಡಿಗೆ ಬಂದೆವು. ಅವರು ಕ್ವಾರ್ಟರ್ಸ್ ಬಿಟ್ಟು ಭದ್ರಾವತಿಯಲ್ಲೇ ಸೇತುವೆಯಾಚೆ ಚಿಕ್ಕ ಮನೆ ಕಟ್ಟಿಸಿಕೊಂಡರು. ನಡುವಿನ ಗೋಡೆ ಹೋಯಿತು, ತಟ್ಟೆ ಬಸ್ ಹತ್ತಲು ಕಲಿಯಿತು. ಕ್ರಿಸ್‌ಮಸ್ಸಿನ ಮಾರನೆಯ ದಿನ ದೊಡ್ಡಮ್ಮ ಅದನ್ನು ತರುತ್ತಿದ್ದರು. ಊಟ ಮಾಡಿ, ಅಮ್ಮನ ಪಕ್ಕ ಮಲಗಿ ಒಂದು ನಿದ್ದೆ ತೆಗೆದು, ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಸಂಕ್ರಾಂತಿಗೆ ನಾವು ಮೂವರೂ ಹೋಗುತ್ತಿದ್ದೆವು. ಬಸ್ಸಿನಲ್ಲಿ ತಟ್ಟೆ ಹಿಡಿಯುವುದು ಅಪ್ಪನ ಕೆಲಸ. ಸ್ಟೀರಿಂಗ್ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಡ್ರೈವರ್ ತಿರುಗಿಸಿದ ಕಡೆಗೆಲ್ಲ ತಾನೂ ವಾಲಿಕೊಂಡು ಕೂತಿರುತ್ತಿದ್ದ. ದೊಡ್ಡಮ್ಮನ ಯಜಮಾನರು ಹೋದ ಮೇಲೂ ಇದು ನಡೆದುಕೊಂಡೇ ಬಂತು.

ಕಳೆದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ.

ದೊಡ್ಡಮ್ಮ ಸುದ್ದಿ ಕೇಳಿದ ಕೂಡಲೇ ಬಂದರು, ಕೆಲವು ದಿನ ಉಳಿದರು. ಅಮ್ಮನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದರು. ಅವರು ಹೊರಟ ಮೇಲೆ ಮನೆಗೆ ವರ್ಷದ ಸೂತಕ ಬಂದು ಕೂತಿತು. ವರ್ಷ ತುಂಬುವ ತನಕ ನಮ್ಮ ಮನೆಯಲ್ಲಿ ಹಬ್ಬ ಮಾಡುವ ಹಾಗಿಲ್ಲ. ಬಾಗಿಲಿಗೆ ತೋರಣವಿಲ್ಲ, ಒಲೆಯ ಮೇಲೆ ಸಿಹಿಯಿಲ್ಲ. ಬೇರೆಯವರು ತಂದುಕೊಟ್ಟರೆ ತಿನ್ನಬಹುದು. ಹಬ್ಬವಿಲ್ಲದ ಮನೆಗೆ ಅಕ್ಕಪಕ್ಕದವರು ಮರೆಯದೆ ಕೊಟ್ಟುಕಳಿಸುತ್ತಾರೆ. ಗಣಪತಿ ಬಂದು ಹೋದ, ದೀಪಾವಳಿ ಬಂದು ಹೋಯಿತು. ಅಮ್ಮ ಯಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ.

ಡಿಸೆಂಬರಿನಲ್ಲಿ ಮಾತ್ರ ಅವಳು ಬದಲಾದಳು. ಬೆಳಗಿನ ಜಾವ ಮೈಕು ಹಾಡುವಾಗ ದೇವಸ್ಥಾನಕ್ಕೆ ಹೋಗುವ ಹಾಗಿಲ್ಲವಲ್ಲ, ಕಣ್ಣು ಬಿಟ್ಟು ಮಲಗಿರುತ್ತಿದ್ದಳು. ಒಂದು ದಿನ ಕತ್ತಲೆಯಲ್ಲೇ, “ಅಕ್ಕ ಈ ಸಲ ಕಲ್‌ಕಲ್‌ಗೆ ಯಾರನ್ನ ಕೂರಿಸ್ಕೊಂಡಿದಾರೋ” ಎಂದಳು. ನಾನು ನಿದ್ದೆಯಲ್ಲಿ ಹೂಂಗುಟ್ಟಿದೆ. ಆಗ ನನಗೆ ಅರ್ಥವಾಯಿತು: ಈ ವರ್ಷ ಅವಳು ಕಾಯುತ್ತಿರುವುದು ಆ ತಟ್ಟೆಯೊಂದನ್ನೇ.

ಕ್ರಿಸ್‌ಮಸ್ಸಿನ ದಿನ ಅಮ್ಮನೇ ಫೋನ್ ಮಾಡಿದಳು. ಹಬ್ಬ ಚೆನ್ನಾಗಾಯಿತೇ, ಚರ್ಚಿನಲ್ಲಿ ಜನವೇ, ಮಂಡಿನೋವು ಹೇಗಿದೆ, ಎಲ್ಲ ವಿಚಾರಿಸಿದಳು. ಆ ಕಡೆಯಿಂದಲೂ ಅಷ್ಟೇ ವಿಚಾರಣೆ. ತಟ್ಟೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಮಾರನೆಯ ದಿನ ಅಮ್ಮ ದೊಡ್ಡಮ್ಮನಿಗೆ ಇಷ್ಟವೆಂದು ಅವರೆಕಾಳು ಹಿದುಕಿ ಹುಳಿ ಮಾಡಿದಳು. ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಗೇಟಿನ ಹತ್ತಿರ ಕೂತಳು. ಆಟೋ ಬಂದರೆ ಕತ್ತೆತ್ತುವಳು, ಹೋದರೆ ಸೆರಗು ಸರಿಮಾಡಿಕೊಳ್ಳುವಳು. ಬಿಸಿಲು ಕಾಂಪೌಂಡ್ ದಾಟಿ ಎದುರು ಮನೆಗೆ ಹೋಯಿತು. ದೊಡ್ಡಮ್ಮ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ.

“ಫೋನ್ ಮಾಡಿ ಕೇಳ್ಲಾ?” ಎಂದೆ.

“ಏನಂತ ಕೇಳ್ತೀಯ? ತಟ್ಟೆ ತನ್ನಿ ಅಂತಲಾ?”

“ಯಾಕೆ ಬರ್ಲಿಲ್ಲ ಅಂತ.”

“ಎರಡೂ ಒಂದೇ ಕಣೇ. ಕೇಳಿ ತರಿಸ್ಕೊಂಡ್ರೆ ಅದು ಕೊಟ್ಟಿದ್ದು ಹೆಂಗಾಗುತ್ತೆ?” ಎಂದು ಅಮ್ಮ ಹುಳಿಯನ್ನು ಫ್ರಿಜ್ಜಿಗೆ ಇಟ್ಟಳು. ಸ್ವಲ್ಪ ಹೊತ್ತಾದ ಮೇಲೆ ತನ್ನಷ್ಟಕ್ಕೆ ತಾನೇ ಹೇಳಿಕೊಂಡಳು: “ನಿಮ್ಮಪ್ಪನ ಜೊತೆ ಇದೂ ಹೋಯ್ತು ಅನ್ಸುತ್ತೆ.”

ನನಗೆ ದೊಡ್ಡಮ್ಮನ ಮೇಲೆ ಸಿಟ್ಟು ಬಂತು. ನನಗೆ ಸಂಕಟ ಬಂದಾಗಲೆಲ್ಲ ಸಿಟ್ಟಿನ ವೇಷದಲ್ಲೇ ಬರುವುದು.

ಜನವರಿ ಬಂತು. ಶಾಲೆ ಬಿಟ್ಟ ಮೇಲೆ ನಾನು ಯಾಕೋ ದಿನಾ ಗಾಂಧಿ ಬಜಾರಿನ ದಾರಿ ಹಿಡಿದು ಮನೆಗೆ ಬರುತ್ತಿದ್ದೆ, ಅದು ಸುತ್ತು ದಾರಿಯಾದರೂ. ಅಂಗಡಿಗಳ ಮುಂದೆ ಬಿಳಿ ಎಳ್ಳಿನ ರಾಶಿ, ಹೋಳು ಕೊಬ್ಬರಿ, ಸಕ್ಕರೆ ಅಚ್ಚಿನ ಆನೆ ಕುದುರೆಗಳು. ಎಲ್ಲಿಂದಲೋ ಹುರಿದ ಕಡಲೆಕಾಯಿಯ ಘಮ. ಆ ಇಕ್ಕಟ್ಟಿನಲ್ಲಿ ಜನ ತಳ್ಳಿದ ಕಡೆ ನಾನು ತೇಲಿಹೋಗುತ್ತಿದ್ದೆ. ಪರಿಚಯದ ಅಂಗಡಿಯವರು, “ಏನ್ ಮೇಡಂ, ಈ ಸಲ ತಗೊಳ್ಳೋದೇ ಇಲ್ವಾ?” ಎಂದರು. ಈ ಸಲ ಇಲ್ಲ ಎಂದೆ. ಅವರಿಗೆ ಆಮೇಲೆ ನೆನಪಾಗಿರಬೇಕು, ನಾಲಿಗೆ ಕಚ್ಚಿಕೊಂಡು ಒಂದು ಅಚ್ಚಿನ ಕುದುರೆ ತೆಗೆದು ನನ್ನ ಕೈಗಿಟ್ಟರು. ದಾರಿಯಲ್ಲಿ ಅದನ್ನು ಬಾಯಿಗೆ ಹಾಕಿಕೊಂಡೆ.

ಅಮ್ಮ ಎಳ್ಳು ಬೆಲ್ಲಕ್ಕೆ ಕೂತರೆ ನಮ್ಮ ವರಾಂಡ ಬೇರೆ ಲೋಕವಾಗುತ್ತಿತ್ತು. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಅಡಕತ್ತರಿಯಲ್ಲಿ ಸಣ್ಣಗೆ, ಒಂದೇ ಅಳತೆಗೆ ಕತ್ತರಿಸುವಳು. ಬೆಲ್ಲಕ್ಕೂ ಅದೇ ಅಳತೆ. ಮೊರದ ತುಂಬ ಹರಡಿ ಬಿಸಿಲಿಗಿಟ್ಟರೆ ಅಪ್ಪ ಪೇಪರ್ ಓದುವ ನೆಪದಲ್ಲಿ ಪಕ್ಕದಲ್ಲೇ ಕೂತು ಒಂದೊಂದೇ ಚೂರು ಮಾಯಮಾಡುತ್ತಿದ್ದ. ಈ ವರ್ಷವೂ ಬಿಸಿಲು ಅದೇ ಹೊತ್ತಿಗೆ ವರಾಂಡಕ್ಕೆ ಬಂತು. ಅಲ್ಲಿ ಏನೂ ಇರಲಿಲ್ಲ, ನೆಲದ ಮೇಲೆ ಗ್ರಿಲ್ಲಿನ ನೆರಳಷ್ಟೇ ಬಿದ್ದಿತ್ತು.

ಸಂಕ್ರಾಂತಿಯ ಬೆಳಿಗ್ಗೆ ಬೀದಿಯ ಹುಡುಗಿಯರು ಜರಿಲಂಗ ಉಟ್ಟು ತಟ್ಟೆ ಹಿಡಿದು ಎಳ್ಳು ಬೀರಲು ಹೊರಟರು. ನಮ್ಮ ಮನೆಗೂ ಬಂದರು. ಕೊನೆಗೆ ಎದುರು ಮನೆಯ ಹೊಸ ಸೊಸೆ ಬಂದಳು. ಮದುವೆಯಾದ ಮೊದಲ ಸಂಕ್ರಾಂತಿ, ಬಾಳೆಹಣ್ಣಿನ ಸಮೇತ ಬೀರಬೇಕು. ಹೊಸ ಸೀರೆಯ ನೆರಿಗೆ ತುಳಿದುಕೊಳ್ಳುತ್ತ, ನಗುತ್ತ, ನನಗೆ ಅರಿಶಿನ ಕುಂಕುಮ ಕೊಟ್ಟಳು, ಎಳ್ಳು ಕೊಟ್ಟಳು. ಕುಂಕುಮದ ಭರಣಿ ಹಿಡಿದುಕೊಂಡೇ ಅಮ್ಮನ ಕಡೆ ತಿರುಗಿದಳು. ತಿರುಗಿದ ಮೇಲೆ ಅವಳ ಕೈ ಹಾಗೇ ನಿಂತುಬಿಟ್ಟಿತು. ಪಾಪ, ಒಳ್ಳೆಯ ಹುಡುಗಿ. ಮುಖ ಕೆಂಪಾಯಿತು.

“ನಂಗೆ ಎಳ್ಳು ಸಾಕಮ್ಮ, ಕೊಡು” ಎಂದು ಅಮ್ಮನೇ ಕೈ ಚಾಚಿ ತೆಗೆದುಕೊಂಡು, ಅವಳ ತಲೆ ಸವರಿ ಒಳಗೆ ಹೋದಳು.

ಹುಡುಗಿ ಹೋದ ಮೇಲೆ ನಾನು ಅಡುಗೆಮನೆಗೆ ಹೋಗಿ ಕೂಗಾಡಿದೆ. “ಕುಂಕುಮ ಇಟ್ಕೊಂಡಿದ್ರೆ ಏನಾಗ್ತಿತ್ತು? ಯಾರೇನಂತಾರೆ ಈ ಕಾಲದಲ್ಲಿ?”

“ಯಾರೂ ಏನೂ ಅನ್ನಲ್ಲ” ಎಂದಳು ಅಮ್ಮ. “ಆ ಹುಡುಗಿ ಕೈ ನಿಲ್ತಲ್ಲ, ಅದನ್ನ ಹೇಳ್ತಿರೋದು ನಾನು. ಇನ್ಮೇಲೆ ಯಾರ ಮನೆಗೆ ಹೋದ್ರೂ, ಯಾರೇ ಬಂದ್ರೂ ಕೈ ಒಂದ್ಸಲ ನಿಲ್ಲುತ್ತೆ. ನನ್ನ ನೋಡಿದ ಕೂಡ್ಲೇ ಅವರಿಗೆ ನಿಮ್ಮಪ್ಪ ಇಲ್ಲ ಅನ್ನೋದೇ ಮೊದ್ಲು ಕಾಣೋದು. ಆಮೇಲೆ ನಾನು.”

ಅವಳು ಅಳುತ್ತಿರಲಿಲ್ಲ. ಎಳ್ಳಿನ ಪೊಟ್ಟಣ ಬಿಚ್ಚಿ ಕೊಬ್ಬರಿ ಎಷ್ಟು ಸಣ್ಣಗೆ ಹೆಚ್ಚಿದ್ದಾರೆಂದು ನೋಡುತ್ತಿದ್ದಳು. ನನಗೇ ಅಳು ಬಂತು. ಅಳುವ ಬದಲು ಹಿತ್ತಲ ಬಾಗಿಲಿಗೆ ಚಿಲಕ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಬಂದು ನಿಂತೆ.

“ಏಳಮ್ಮ, ಭದ್ರಾವತಿಗೆ ಹೋಗಿ ಬರೋಣ.”

“ಹುಚ್ಚಾ ನಿಂಗೆ? ಸಂಕ್ರಾಂತಿ ದಿನ ಬರಿಗೈಲಿ ಅಕ್ಕನ ಮನೆಗೆ ಹೋಗೋದಾ?”

“ಹೂಂ, ಬರಿಗೈಲೇ. ಅವರು ತಟ್ಟೆ ಕೊಟ್ಟಿಲ್ಲ, ನಾವು ತುಂಬಿಸೋ ಹಾಗಿಲ್ಲ. ಲೆಕ್ಕ ಸರಿಯಾಯ್ತಲ್ಲ.”

ಅಮ್ಮ ಬೈದಳು. ಬೈಯುತ್ತಲೇ ಸೀರೆ ಬದಲಾಯಿಸಿದಳು.

ರಜೆಯ ದಿನದ ಬಸ್ಸು. ನಡುದಾರಿಯಲ್ಲಿ ಯಾರೋ ಕಬ್ಬಿನ ಹೊರೆ ಮಲಗಿಸಿದ್ದರು. ಅದನ್ನು ದಾಟುವಾಗ ಎಲ್ಲರೂ ಸೀರೆ ಪಂಚೆ ಎತ್ತಿಕೊಳ್ಳುತ್ತಿದ್ದರು. ಊರು ದಾಟಿದ ಮೇಲೆ ಕೊಯ್ಲಾದ ಗದ್ದೆಗಳು, ಹುಲ್ಲಿನ ಬಣವೆಗಳು, ಇನ್ನೂ ಪೂರ್ತಿ ಕರಗದ ಮಂಜಿನೊಳಗೆ ಹಳದಿ ಬಿಸಿಲು. ಕಿಟಕಿಯ ಗಾಳಿಗೆ ಅಮ್ಮನಿಗೆ ಜೋಂಪು ಹತ್ತಿ ತಲೆ ನನ್ನ ಹೆಗಲಿಗೆ ಬಂತು. ನನಗೂ ಕಣ್ಣು ಎಳೆಯಿತು. ಮುಂದಿನ ಸೀಟಿನಲ್ಲಿ ಯಾರದೋ ನರೆತ ತಲೆ ಬಸ್ ತಿರುಗಿದ ಕಡೆಗೆ ವಾಲುತ್ತಿತ್ತು. ಅವರ ಮಡಿಲಲ್ಲಿ ತಟ್ಟೆ ಇದ್ದೇ ಇದೆ, ಮೇಲೆ ಬಿಳಿ ಬಟ್ಟೆ ಇದೆ, ಇನ್ನೇನು ಹಿಂದಕ್ಕೆ ತಿರುಗಿ, ‘ಎದ್ದೇಳ್ರೇ, ಊರು ಬಂತು’ ಎನ್ನುತ್ತಾರೆ ಎಂದು ನನಗೆ ಅನಿಸುತ್ತಲೇ ಇತ್ತು. ನಾನು ಪೂರ್ತಿ ಕಣ್ಣು ಬಿಡಲಿಲ್ಲ. ಬಿಟ್ಟರೆ ಅದು ಬೇರೆ ಯಾರೋ ಆಗಿರುತ್ತಾರೆಂದು ಗೊತ್ತಿತ್ತು. ಮಂಜಿನಾಚೆ ಹೊಗೆಯಿಲ್ಲದ ಕಾರ್ಖಾನೆ ಚಿಮಣಿ ಕಂಡಾಗ ಅಮ್ಮನನ್ನು ಎಬ್ಬಿಸಿದೆ.

ಸೇತುವೆಯ ಮೇಲೆ ಇಬ್ಬರೂ ನಿಧಾನವಾಗಿ ನಡೆದೆವು. ಕೆಳಗೆ ಭದ್ರೆ ಸಣ್ಣಗೆ ಹರಿಯುತ್ತಿದ್ದಳು. ದೊಡ್ಡಮ್ಮನ ಬೀದಿಯಲ್ಲಿ ತಮಿಳು ಮನೆಗಳ ಮುಂದೆಲ್ಲ ದೊಡ್ಡ ದೊಡ್ಡ ಕೋಲದ ರಂಗೋಲಿಗಳು, ಬಾಗಿಲಿಗೆ ಕಬ್ಬು, ಪೊಂಗಲ್ ಉಕ್ಕಿದ ಮಡಕೆಗಳು. ದೊಡ್ಡಮ್ಮನ ಬಾಗಿಲಲ್ಲಿ ಕ್ರಿಸ್‌ಮಸ್ಸಿನ ಕಾಗದದ ನಕ್ಷತ್ರ ಇನ್ನೂ ತೂಗುತ್ತಿತ್ತು. ಅಮ್ಮ ಅದರ ಕೆಳಗೆ ನಿಂತಳು, ಕರೆಯಲಿಲ್ಲ. ಕೊನೆಗೆ ನಾನೇ, “ದೊಡ್ಡಮ್ಮಾ” ಎಂದೆ.

ಬಾಗಿಲು ತೆರೆದೇ ಇತ್ತು. ನರ್ಸ್ ಆಗಿರುವ ಅವರ ಮಗಳು ಡ್ಯೂಟಿಗೆ ಹೋಗಿದ್ದಳು. ದೊಡ್ಡಮ್ಮ ಒಬ್ಬರೇ ನೆಲದ ಮೇಲೆ ಕಾಲು ಚಾಚಿಕೊಂಡು, ಪೇಪರ್ ಹರಡಿಕೊಂಡು ಕೂತಿದ್ದರು. ಪೇಪರಿನ ಮೇಲೆ ತರಕಾರಿ ಚಾಕು, ಕೊಬ್ಬರಿ, ಬೆಲ್ಲದ ಅಚ್ಚು.

“ಅಯ್ಯೋ ತಂಗಚ್ಚಿ!” ಎಂದವರೇ ಪೇಪರ್ ಮಡಿಸಿ ಬಚ್ಚಿಡಲು ಹೋದರು. “ನೋಡ್ಬೇಡ, ನೋಡ್ಬೇಡ!”

ಅಮ್ಮ ಅದನ್ನು ನೋಡಿರಲೇ ಇಲ್ಲ. ಅವಳ ಕಣ್ಣು ಮೇಜಿನ ಮೇಲಿತ್ತು. ಅಲ್ಲಿ ಕ್ರೋಶಾ ಬಟ್ಟೆ ಮುಚ್ಚಿಕೊಂಡು ತಟ್ಟೆ ಕೂತಿತ್ತು.

“ತಟ್ಟೆ ಇಲ್ಲೇ ಇದೆಯಲ್ಲ ಅಕ್ಕಾ” ಎಂದಳು.

ದೊಡ್ಡಮ್ಮ ಗೋಡೆ ಹಿಡಿದುಕೊಂಡು ಎದ್ದರು. “ಹಬ್ಬದ ದಿನವೇ ತುಂಬಿಸಿಟ್ಟಿದ್ದೆ ತಂಗಚ್ಚಿ. ಮಾರನೆ ದಿನ ಸೀರೆ ಉಟ್ಟು ಹೊರಟೂ ಬಿಟ್ಟಿದ್ದೆ. ಪಕ್ಕದ ಮನೆಯವರು ಎಲ್ಲಿಗೆ ಅಂತ ಕೇಳಿದ್ರು. ಹೇಳ್ದೆ. ಅಯ್ಯೋ, ಸಾವಾದ ಮನೆಗೆ ವರ್ಷ ತುಂಬೋಕೆ ಮುಂಚೆ ಸಿಹಿ ತಗೊಂಡ್ ಹೋಗ್ತಾರಾ, ಅವರಲ್ಲಿ ಹಬ್ಬವೇ ಇಲ್ಲ ಈ ವರ್ಷ ಅಂದ್ರು. ನಾನು ಹೆದರಿಬಿಟ್ಟೆ. ನಿನ್ನ ಯಜಮಾನರಿಗೆ ಏನಾದ್ರೂ ದೋಷ ಆಗಿಬಿಟ್ರೆ? ನಿಮ್ಮ ಪದ್ಧತಿ ನನ್ನಿಂದ ಕೆಡಬಾರ್ದಲ್ಲ.”

“ಒಂದು ಫೋನ್ ಮಾಡಿ ಕೇಳ್ಬಾರ್ದಿತ್ತಾ ದೊಡ್ಡಮ್ಮ?” ಎಂದೆ ನಾನು, ಸ್ವಲ್ಪ ಜೋರಾಗಿಯೇ.

“ಏನಂತ ಕೇಳ್ಲಿ ಕಣ್ಣು? ತರ್ಲಾ ಬೇಡ್ವಾ ಅಂತಲಾ? ಬೇಡ ಅನ್ನೋಕೆ ಅವಳಿಗೆ ಎಷ್ಟು ಕಷ್ಟ ಆಗುತ್ತೆ!”

ನಾನು ಹಣೆ ಚಚ್ಚಿಕೊಂಡೆ. ಒಬ್ಬರು ಕೇಳಿದರೆ ಕೊಟ್ಟ ಹಾಗಾಗದು ಎಂದು ಸುಮ್ಮನಿದ್ದರು, ಇನ್ನೊಬ್ಬರು ಕೇಳಿದರೆ ನೋವಾಗುತ್ತದೆ ಎಂದು ಸುಮ್ಮನಿದ್ದರು. ಇಬ್ಬರ ಕೈಯಲ್ಲೂ ಮೊಬೈಲು ಬೇರೆ ಇದೆ.

ಅಮ್ಮ ಮೆಲ್ಲಗೆ ಹೇಳಿದಳು: “ನಾವು ಮಾಡೋ ಹಾಗಿಲ್ಲ ಅಷ್ಟೇ ಅಕ್ಕಾ. ಕೊಟ್ರೆ ತಿನ್ಬಹುದು. ನೀವೆಲ್ಲ ಕೊಡ್ಲಿ ಅಂತಾನೇ ನಮಗೆ ಮಾಡ್ಬೇಡಿ ಅಂದಿರೋದು.”

ದೊಡ್ಡಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡು ಅವಳನ್ನೇ ನೋಡಿದರು. ಆಮೇಲೆ ಇಬ್ಬರೂ ಅತ್ತರು. ನಾನು ಹೋಗಿ ನೀರು ಕುಡಿದು ಬಂದೆ.

ಬರುವಷ್ಟರಲ್ಲಿ ಅಮ್ಮನ ಕಣ್ಣು ಆ ಪೇಪರಿನ ಮೇಲೆ ಬಿದ್ದಿತ್ತು. “ಇದೇನಕ್ಕಾ?”

“ಇಷ್ಟು ವರ್ಷ ಈ ದಿನ ನಿನ್ನ ಎಳ್ಳು ತಿಂದ ಬಾಯಿ ಇದು. ಈ ಸಲ ಬರಲ್ಲ ಅಂತ ಗೊತ್ತಿತ್ತು. ಅಂಗಡಿಯಿಂದ ಪ್ಯಾಕೆಟ್ ತರಿಸ್ದೆ, ನಿನ್ನದರ ಥರ ಇರ್ಲಿಲ್ಲ. ಅದಕ್ಕೆ ನಾನೇ ಮಾಡ್ಕೊಳ್ಳೋಣ ಅಂತ...”

ಅಮ್ಮ ಬಗ್ಗಿ ಒಂದು ಚೂರು ಎತ್ತಿ ಹಿಡಿದಳು. “ಕೊಬ್ಬರಿನಾ ಇದು? ಹೆಂಚಿನ ಚೂರು ಇದ್ದಂಗಿದೆಯಲ್ಲ ಮಾರಾಯ್ತಿ! ಇದನ್ನ ತಿಂದ್ರೆ ಉಳಿದಿರೋ ಹಲ್ಲೂ ಹೋಗುತ್ತೆ!” ಎಂದವಳೇ ನಕ್ಕಳು. ಮಳೆಗಾಲದಿಂದೀಚೆಗೆ ನಾನು ಆ ನಗು ಕೇಳಿರಲಿಲ್ಲ. ಇಷ್ಟು ವರ್ಷ ‘ನೀವು, ಅಕ್ಕಾ’ ಎನ್ನುತ್ತಿದ್ದವಳು ಮಾರಾಯ್ತಿ ಅಂದದ್ದನ್ನೂ ಕೇಳಿರಲಿಲ್ಲ. “ಅಡಕತ್ತರಿ ಇದೆಯಾ?”

ದೊಡ್ಡಮ್ಮನ ಯಜಮಾನರು ಎಲೆ ಅಡಿಕೆ ಹಾಕುತ್ತಿದ್ದವರು. ಅವರ ಅಡಕತ್ತರಿ ಕಪಾಟಿನಿಂದ ಬಂತು. ಅಮ್ಮ ಕೂತಳು, ಕೊಬ್ಬರಿ ಕೈಗೆ ತೆಗೆದುಕೊಂಡಳು, ಅಲ್ಲಿಗೆ ಅವಳ ಕೈ ನಿಂತಿತು.

“ನಾನು ಈ ವರ್ಷ ಎಳ್ಳು ಮಾಡೋ ಹಾಗಿಲ್ವಲ್ಲ” ಎಂದಳು.

ಹೊರಗೆ ಯಾರದೋ ಮನೆಯಲ್ಲಿ ಪೊಂಗಲ್ ಉಕ್ಕಿ ಮಕ್ಕಳು ಕೂಗಿದರು. ಅಮ್ಮ ಮನೆಯನ್ನೊಮ್ಮೆ ಸುತ್ತ ನೋಡಿದಳು: ಗೋಡೆಯ ಮೇಲಿನ ಯೇಸುವಿನ ಪಟ, ಬಾಗಿಲ ನಕ್ಷತ್ರ, ದೊಡ್ಡಮ್ಮ.

“ಇದು ನಮ್ಮನೆ ಎಳ್ಳಲ್ಲ. ನಿಮ್ಮನೇದು. ನಿಮ್ಮನೆ ಕೆಲಸಕ್ಕೆ ನಾನು ಒಂಚೂರು ಕೈ ಜೋಡಿಸಿದ್ರೆ ತಪ್ಪೇನಿದೆ?” ಎಂದು ತೀರ್ಪು ಕೊಟ್ಟು ಕತ್ತರಿಸತೊಡಗಿದಳು. ಕಟಕ್ ಕಟಕ್ ಎಂದು ಅದೇ ಹಳೆಯ ಸದ್ದು.

ಆ ಮಧ್ಯಾಹ್ನ ಹೇಗೆ ಕಳೆಯಿತೆಂದು ನನಗೆ ಸರಿಯಾಗಿ ನೆನಪಿಲ್ಲ. ದೊಡ್ಡಮ್ಮ ಎಳ್ಳು ಹುರಿದರು, ನಾನು ಕಡಲೆಬೀಜದ ಸಿಪ್ಪೆ ಊದಿದೆ. ಊದುತ್ತ ಊದುತ್ತ ಅಲ್ಲೇ ಚಾಪೆಯ ಮೇಲೆ ಒರಗಿದೆ. ನಿದ್ದೆಯ ಒಳಗೂ ಹೊರಗೂ ಅಡಕತ್ತರಿಯ ಸದ್ದು ಕೇಳುತ್ತಿತ್ತು. ಕಾಗದದ ನಕ್ಷತ್ರದ ಮೂಲಕ ಬಂದ ಬಿಸಿಲು ನೆಲದ ಮೇಲೆ ಕೆಂಪಗೆ ಅಲ್ಲಾಡುತ್ತಿತ್ತು. ಗೋಡೆಯಾಚೆ ಅಪ್ಪ ಶಿಫ್ಟ್ ಮುಗಿಸಿ ಬಂದು ಸೈಕಲ್ ಸ್ಟ್ಯಾಂಡ್ ಹಾಕಿದ ಹಾಗೆ ಕೇಳಿಸಿತು. ಎದ್ದಾಗ ಇಬ್ಬರೂ ತಲೆಗೆ ತಲೆ ಸೇರಿಸಿಕೊಂಡು ತಟ್ಟೆಯ ಮುಂದೆ ಕೂತಿದ್ದರು.

ಮೊದಲು ದೊಡ್ಡಮ್ಮ ಕ್ರಿಸ್‌ಮಸ್ಸಿನ ತಟ್ಟೆಯನ್ನು ಅಮ್ಮನ ಕೈಗೆ ಕೊಟ್ಟರು. ಕೇಕು ಎಂದೋ ಖಾಲಿಯಾಗಿತ್ತು, ಕಲ್‌ಕಲ್‌ಗಳು ಗರಿಗರಿಯಾಗೇ ಇದ್ದವು. ನಾನು ಸುತ್ತಿದ್ದಲ್ಲವಲ್ಲ, ಒಂದೂ ಸೊಟ್ಟಗಿರಲಿಲ್ಲ. ಅಮ್ಮ ಅವನ್ನು ಡಬ್ಬಿಗೆ ಸುರಿದುಕೊಂಡು, ತಟ್ಟೆ ತೊಳೆದು ಒರೆಸಿ, ಎಳ್ಳು ಬೆಲ್ಲ ತುಂಬಿದಳು. ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದುನಿಂತರು. ಅಮ್ಮ ಕೊಟ್ಟಳು, ಅವರು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅಷ್ಟೇ.

ನಾನು ಚಾಪೆಯ ಮೇಲಿಂದ ನೋಡುತ್ತಲೇ ಇದ್ದೆ. ಏನೋ ಒಂದು ಎಂದಿನ ಹಾಗೇ ಇತ್ತಲ್ಲ, ಏನದು ಎಂದು ಹುಡುಕಿದೆ. ಇವರಿಬ್ಬರ ನಡುವೆ ಕುಂಕುಮದ ಭರಣಿ ಎಂದೂ ಇರಲಿಲ್ಲ. ಕ್ರೈಸ್ತರ ಮನೆಯಾಕೆ ಹಣೆಗಿಡುವುದಿಲ್ಲವೆಂದು ಅಮ್ಮ ಮೊದಲ ವರ್ಷದಿಂದಲೂ ಬರೀ ತಟ್ಟೆಯನ್ನೇ ಕೊಡುತ್ತಿದ್ದಳು, ಅವರು ಬರೀ ತಟ್ಟೆಯನ್ನೇ ತೆಗೆದುಕೊಳ್ಳುತ್ತಿದ್ದರು. ಅಪ್ಪ ಇದ್ದಾಗಲೂ ಹೀಗೆಯೇ, ದೊಡ್ಡಮ್ಮನ ಯಜಮಾನರು ಹೋದಾಗಲೂ ಹೀಗೆಯೇ. ಯಾರ ಕೈಯೂ ನಿಲ್ಲಲು ಇಲ್ಲಿ ಜಾಗವೇ ಇಲ್ಲ. ಅಮ್ಮ ಈ ಮನೆಯ ಮಟ್ಟಿಗೆ ಮೊದಲು ಯಾರಾಗಿದ್ದಳೋ ಇವತ್ತೂ ಅವಳೇ. ಅದು ತಿಳಿದಾಗ ನನಗೆ ಎದ್ದು ಹೋಗಿ ಆ ತಟ್ಟೆಗೆ ಕೈ ಮುಗಿಯಬೇಕೆನಿಸಿತು.

“ಆಯ್ತು, ಇನ್ನು ಬರೋ ಕ್ರಿಸ್‌ಮಸ್ಸಿಗೆ” ಎಂದರು ದೊಡ್ಡಮ್ಮ, ಪ್ರತಿ ವರ್ಷ ಹೇಳುವ ಹಾಗೆ.

ಕ್ರಿಸ್‌ಮಸ್ಸು ತುಂಬ ದೂರವಿತ್ತು. ಅಮ್ಮ ನನ್ನ ಕಡೆ ತಿರುಗಿದಳು. “ಇಪ್ಪತ್ತಾರಕ್ಕೆ ನಿಂಗೆ ರಜ ಅಲ್ವೇನೇ?”

“ಧ್ವಜಾರೋಹಣಕ್ಕೆ ಹೋಗ್ಬೇಕಮ್ಮ. ಬೆಳಿಗ್ಗೇನೇ ಮುಗಿದುಹೋಗುತ್ತೆ.”

“ಅಕ್ಕಾ, ಇಪ್ಪತ್ತಾರಕ್ಕೆ ತಟ್ಟೆ ತಗೊಂಡು ಬನ್ನಿ. ಆ ಹಬ್ಬಕ್ಕೆ ಸೂತಕ ಗೀತಕ ಏನೂ ಇಲ್ಲ. ನಿಮ್ಗೂ ಒಂದೇ, ನಮ್ಗೂ ಒಂದೇ. ನಾನೂ ಒಲೆ ಹಚ್ಚಿ ಏನಾದ್ರೂ ಸಿಹಿ ಮಾಡ್ಬಹುದು.”

ಸಂವಿಧಾನಕ್ಕೆ ಹೀಗೊಂದು ಉಪಯೋಗವಿದೆಯೆಂದು ನಾನು ಯಾವ ತರಗತಿಯಲ್ಲೂ ಪಾಠ ಮಾಡಿರಲಿಲ್ಲ.

ಇಪ್ಪತ್ತಾರರ ಬೆಳಿಗ್ಗೆ ಶಾಲೆಯಲ್ಲಿ ಬಾವುಟ ಹಾರಿಸಿ, ಮಕ್ಕಳಿಗೆ ಲಾಡು ಹಂಚಿ, ಸೀರೆಗೆ ಪುಟ್ಟ ಧ್ವಜ ಚುಚ್ಚಿಕೊಂಡೇ ಮನೆಗೆ ಬಂದೆ. ಮಂಜು ಇನ್ನೂ ಇತ್ತು. ಬೀದಿಯ ತುದಿಯಿಂದಲೇ ಏಲಕ್ಕಿ, ತುಪ್ಪದ ವಾಸನೆ ಬಂತು. ನಮ್ಮ ಮನೆಯ ಒಲೆಯಿಂದ ಆ ವಾಸನೆ ಬಂದು ಎಷ್ಟೋ ತಿಂಗಳಾಗಿತ್ತು. ಕೇಸರಿಬಾತ್ ಮಾಡಿಟ್ಟು, ಮಡಿಕೆ ಬಿಚ್ಚಿದ ಸೀರೆ ಉಟ್ಟು, ಅಮ್ಮ ಗೇಟಿನಲ್ಲಿ ನಿಂತಿದ್ದಳು. ಆಟೋ ಬಂತು. ದೊಡ್ಡಮ್ಮ ತಟ್ಟೆಯನ್ನು ಮೊದಲು ಅಮ್ಮನ ಕೈಗೆ ಕೊಟ್ಟು, ಆಮೇಲೆ ತಾವು ಇಳಿದರು.

ಎದುರು ಮನೆಯ ಹೊಸ ಸೊಸೆ ರಂಗೋಲಿ ಬಿಡುತ್ತಿದ್ದವಳು ತಲೆಯೆತ್ತಿ ನೋಡಿದಳು. ಸ್ವಲ್ಪ ಅಳುಕುತ್ತಲೇ ಕೇಳಿದಳು: “ಏನಜ್ಜಿ, ಘಮಘಮ ಅಂತಿದೆ. ಏನು ಇವತ್ತು?”

“ನಮ್ಮನೆ ಹಬ್ಬ ಕಣಮ್ಮ” ಎಂದಳು ಅಮ್ಮ, ಗೇಟನ್ನು ಪೂರ್ತಿ ತೆಗೆದು. “ಬಾ ಒಳಗೆ, ಕೈ ತೊಳ್ಕೊಂಡು ಬಾ. ಬೇರೇನೂ ತರ್ಬೇಡ.”